ತುಟಿ ಬೇಡದ ಮಾತು

"ನೆಟ್ಟಗೆ ನಿಲ್ಲು."

ಸ್ಟೂಲಿನ ಮೇಲೆ ನಿಂತು ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ ಕತ್ತು ಈಚೆ ತಂದು ನೆಟ್ಟಗೆ ನಿಂತಳು. ಅವಳ ತಾಯಿ ನೆಲದ ಮೇಲೆ ಮಂಡಿಯೂರಿ, ತುಟಿಗಳ ನಡುವೆ ಗುಂಡುಸೂಜಿಗಳನ್ನು ಸಾಲಾಗಿ ಕಚ್ಚಿಕೊಂಡು, ಒಂದೊಂದನ್ನೇ ಎಳೆದು ಫ್ರಾಕಿನ ಅಂಚಿಗೆ ಚುಚ್ಚುತ್ತ ಸ್ಟೂಲಿನ ಸುತ್ತ ತೆವಳುತ್ತಿದ್ದಳು.

"ತಿರುಗು. ಇನ್ನೂ. ಸಾಕು. ಕೈ ಎತ್ತು."

ಬಾಯಲ್ಲಿ ಸೂಜಿ ಇಟ್ಟುಕೊಂಡು ಎಲ್ಲ ಮಾತನ್ನೂ ಆಡಲಾಗುವುದಿಲ್ಲ. ತುಟಿ ಕೂಡಿಸಿ ಬಿಚ್ಚಿದರೆ ಸೂಜಿ ಉದುರುತ್ತದೆ, ಇಲ್ಲವಾದರೆ ಚುಚ್ಚುತ್ತದೆ. ಹಾಗಾಗಿ ಪ, ಬ, ಮ ಬರುವ ಮಾತುಗಳು ಒಂದೊಂದಾಗಿ ಬಿಟ್ಟುಹೋಗಿ, ಸೂಜಿ ಬೀಳದ ಮಾತುಗಳದೇ ಒಂದು ಭಾಷೆ ಅವಳ ಬಾಯಲ್ಲಿ ತಾನಾಗಿ ತಯಾರಾಗಿತ್ತು. ನೆಟ್ಟಗೆ ನಿಲ್ಲು. ತಿರುಗು. ಹೊಟ್ಟೆ ಎಳ್ಕೋ. ಸಾಕು, ಇಳಿ. ಮಗಳೇ ಅನ್ನುವುದಕ್ಕೆ ತುಟಿ ಬೇಕು, ಪುಟ್ಟಿ ಅನ್ನುವುದಕ್ಕೂ ಬೇಕು, ಬಂಗಾರ ಅನ್ನುವುದಕ್ಕೂ ಬೇಕು. ಅವನ್ನೆಲ್ಲ ಸೂಜಿ ತೆಗೆದ ಮೇಲೆ ಆಡಿದರಾಯಿತು ಎಂದು ಬಿಟ್ಟಿದ್ದಳು. ಗಿರಾಕಿ ಬಾಗಿಲು ತಟ್ಟಿದರೆ ಮಾತ್ರ ಸೂಜಿಗಳೆಲ್ಲ ಆ ಕ್ಷಣವೇ ತಟ್ಟೆಗೆ ಬೀಳುತ್ತಿದ್ದವು.

ಬೀದಿಯವರ ಬಾಯಲ್ಲಿ ಅವಳು ಫ್ರಾಕಮ್ಮ. ಗಂಡ ಬಸ್ಸು ಓಡಿಸುತ್ತಾನೆ, ಇಬ್ಬರು ಹೆಣ್ಣುಮಕ್ಕಳು, ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಹೊಲಿಗೆ ಮೆಷಿನ್ನು, ಕತ್ತರಿಸುವ ಮೇಜು, ಬಟ್ಟೆಯ ಥಾನುಗಳದ್ದು. ಮಿಕ್ಕ ಕಾಲು ಭಾಗದಲ್ಲಿ ಸಂಸಾರ ಕಾಲು ಮಡಿಚಿಕೊಂಡು ಕೂರಬೇಕು. ಮನೆಗೆ ಬಂದ ನೆಂಟರು ಕೂರುವ ಮುಂಚೆ ಕುರ್ಚಿಯನ್ನು ಕೈಯಿಂದ ತಡವಿ ನೋಡುವುದನ್ನು ಕಲಿತಿದ್ದರು. ಒಮ್ಮೆ ನಾದಿನಿಯ ಗಂಡ ತಡವದೆ ಕೂತು, ಆಮೇಲೆ ಒಂದು ವಾರ ಒಂದೇ ಮಗ್ಗುಲಲ್ಲಿ ಮಲಗಿದ್ದ.

ಮದುವೆಗೆ ಮುಂಚಿನಿಂದಲೂ ಅವಳು ಬಟ್ಟೆ ಕಾರ್ಖಾನೆಯಲ್ಲಿ ನಮೂನೆ ಹೊಲಿಯುವ ಕೆಲಸ ಮಾಡಿದವಳು. ದೊಡ್ಡ ಮಗಳು ತೊಟ್ಟಿಲಲ್ಲಿದ್ದಾಗ ಒಂದು ಸಂಜೆ ಕಾರ್ಖಾನೆಯಿಂದ ಬಂದರೆ, ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಟಿವಿಯ ಮುಂದೆ ಮೈಮರೆತಿದ್ದಳು, ಮಗು ಒದ್ದೆ ಬಟ್ಟೆಯಲ್ಲೇ ಅತ್ತು ಅತ್ತು ದನಿ ಕಳೆದುಕೊಂಡಿತ್ತು. ಮಾರನೆಯ ದಿನವೇ ಕೆಲಸ ಬಿಟ್ಟಳು. ಮನೆಯಲ್ಲೇ ಹೊಲಿಯುತ್ತೇನೆ, ಮಕ್ಕಳು ನನ್ನ ಕಣ್ಣೆದುರಿಗೆ ಇರುತ್ತಾರೆ ಎಂದಳು. ಆ ಮಾತನ್ನು ಅವಳು ಎಷ್ಟು ಜನರ ಹತ್ತಿರ ಎಷ್ಟು ಸಲ ಹೇಳಿದ್ದಳೆಂದರೆ, ಮೇಲಿನ ಮನೆಯ ನರ್ಸು ಮಗುವನ್ನು ಬೇರೆಯವರ ಹತ್ತಿರ ಬಿಟ್ಟು ಡ್ಯೂಟಿಗೆ ಹೋಗುವಾಗ ಇವಳ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡೇ ದಾಟುತ್ತಿದ್ದಳು. ಇವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಂದಿಷ್ಟು ಖುಷಿಪಡುತ್ತಿದ್ದಳು ಅಂತಲೇ ಹೇಳಬೇಕು.

ಕಾರ್ಖಾನೆಯಲ್ಲಿ ಅಳತೆಗೆ ಬಟ್ಟೆ ತೊಡಿಸುವ ಗೊಂಬೆಗಳಿದ್ದವು. ಕೈಕಾಲಿಲ್ಲದ, ಕತ್ತಿನ ಜಾಗದಲ್ಲಿ ಮರದ ಗುಬುಟಿ ಇರುವ ಗೊಂಬೆಗಳು. ಅವುಗಳ ಮೇಲೆ ಚೆಂದ ಕಂಡ ಫ್ರಾಕು ಓಡಾಡುವ ಮಗುವಿನ ಮೇಲೆ ಕಂಕುಳಲ್ಲಿ ಕಚ್ಚುತ್ತಿತ್ತು. ಅಲ್ಲಿಯವರು ಬಟ್ಟೆಯನ್ನು ಮಡಿಚಿ ಅರ್ಧ ಮೈ ಕತ್ತರಿಸುತ್ತಿದ್ದರು. ಬಿಚ್ಚಿದರೆ ಎಡಬಲ ಎರಡೂ ಒಂದೇ. ಫ್ರಾಕಮ್ಮ ಮಾತ್ರ ತನ್ನ ಮನೆಯಲ್ಲಿ ಹಾಗೆ ಮಾಡಲಿಲ್ಲ. ಜೀವಂತ ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಟ್ಟೆಯನ್ನು ಮೈಮೇಲೆ ಬಿಟ್ಟು, ಬೇಕಾದಲ್ಲಿ ಹಿಡಿದು ಬೇಕಾದಲ್ಲಿ ಸಡಿಲಿಸಿ, ಆಮೇಲೆ ಅದನ್ನು ಬಿಚ್ಚಿ ಇಡೀ ಮೈಯನ್ನು ಇದ್ದ ಹಾಗೇ ಕಾಗದಕ್ಕೆ ಇಳಿಸುತ್ತಿದ್ದಳು. ಆ ಕಾಗದದಿಂದಲೇ ಹಿಗ್ಗಿಸಿ ಕುಗ್ಗಿಸಿ ಉಳಿದ ಅಳತೆಗಳು. ಇವಳ ಫ್ರಾಕು ಹಾಕಿದ ಮಗು ಕೈ ಎತ್ತಿ ಕುಣಿದರೂ ಎಲ್ಲೂ ಎಳೆಯುತ್ತಿರಲಿಲ್ಲ. ಅದೇ ಅವಳ ಹೆಸರು, ಅದೇ ಅವಳ ವ್ಯಾಪಾರ. ಸ್ಟೂಲಿನ ಮೇಲೆ ನಿಲ್ಲುತ್ತಿದ್ದ ದೊಡ್ಡ ಮಗಳಿಗೆ ಗೊಂಬೆ ಎಂಬ ಹೆಸರು ಬಿದ್ದಿದ್ದೂ ಹಾಗೆಯೇ.

ಗೊಂಬೆಗೆ ಈಗ ಹನ್ನೆರಡು ತುಂಬುತ್ತಿತ್ತು. ಚಿಕ್ಕವಳಿಗೆ ಎಂಟು. ಗೊಂಬೆ ಹೇಳಿದ ಹಾಗೆ ಗಂಟೆಗಟ್ಟಲೆ ನಿಲ್ಲುತ್ತಿದ್ದಳು. ಚಿಕ್ಕವಳ ಕಾಲು ಮಾತ್ರ ನೆಲದ ಮೇಲೆ ನಿಲ್ಲದು. ಅಕ್ಕನ ಮೈಮೇಲಿಂದ ಇಳಿಸಿದ ಕಾಗದವನ್ನೇ ಕುಗ್ಗಿಸಿ ತಾಯಿ ಅವಳಿಗೂ ಫ್ರಾಕು ಹೊಲಿಯುತ್ತಿದ್ದಳು, ಅದೇಕೋ ಅವಳ ಮೈಮೇಲೆ ಯಾವತ್ತೂ ಒಂದು ಕಡೆ ಮೇಲಕ್ಕೇರಿರುತ್ತಿತ್ತು. "ಸೊಟ್ಟ ಸೊಟ್ಟ ನಿಂತ್ರೆ ಇನ್ನೇನಾಗುತ್ತೆ? ಅಕ್ಕನ್ನ ನೋಡಿ ಕಲಿ" ಎಂದು ತಾಯಿ ಬೈಯುತ್ತಿದ್ದಳು. ಅಪ್ಪ ನಗಾಡಿಕೊಂಡು ಅವಳಿಗೆ ಸೊಟ್ಟಮ್ಮ ಎಂದು ಹೆಸರಿಟ್ಟಿದ್ದ.

ಬಾಗಿಲು ತಟ್ಟಿದ ಸದ್ದಾಯಿತು. ಫ್ರಾಕಮ್ಮ ಸೂಜಿಗಳನ್ನು ತಟ್ಟೆಗೆ ಉಗಿದು ಎದ್ದಳು. ಪೇಟೆಬೀದಿಯಲ್ಲಿ ಮಕ್ಕಳ ಬಟ್ಟೆಯ ಅಂಗಡಿ ಇಟ್ಟಿದ್ದಾಕೆ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಮೂರು ಮಹಡಿ ಹತ್ತಿದ ಏದುಸಿರಿನಲ್ಲಿ ನಿಂತಿದ್ದಳು. ಫ್ರಾಕಮ್ಮ ಹೊಲಿದಿದ್ದರಲ್ಲಿ ಹೆಚ್ಚುಪಾಲು ಆಕೆಯ ಅಂಗಡಿಗೇ ಹೋಗುತ್ತಿತ್ತು.

"ಬನ್ನಿ ಅಕ್ಕಾ, ಬನ್ನಿ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

ಅಂಗಡಿಯಾಕೆ ಕುರ್ಚಿಯನ್ನು ತಡವಿ ಕೂತಳು. ಚೀಲಗಳನ್ನು ಕತ್ತರಿಸುವ ಮೇಜಿನ ಮೇಲೆ ಬಗ್ಗಿಸಿದಳು. ಹೋದ ತಿಂಗಳು ಕಳಿಸಿದ ನೀಲಿ ಫ್ರಾಕುಗಳು, ಕೆಲವು ಇನ್ನೂ ಮಡಿಕೆ ಬಿಚ್ಚದವು, ಕೆಲವು ಹಾಕಿ ಬಿಚ್ಚಿದವು.

"ವಾಪಸ್ ಬಂದಿವೆ. ಬೇಜಾರು ಮಾಡ್ಕೋಬೇಡ. ಹೋದ ಸಲನೂ ಒಬ್ರಿಬ್ರು ಹೇಳಿದ್ರು, ನಾನು ತಲೆಗೆ ಹಾಕ್ಕೊಳ್ಳಲಿಲ್ಲ. ಈ ಸಲ ಬಂದೋರೆಲ್ಲ ಅದನ್ನೇ ಹೇಳ್ತಾರೆ. ಬಲಗಡೆ ಅಂಚು ಮೇಲಕ್ಕೆ ಹೋಗುತ್ತಂತೆ. ಒಬ್ಬಳಂತೂ, ನಿಮ್ಮ ಫ್ರಾಕ್ ಹಾಕ್ಕೊಂಡ್ರೆ ನನ್ನ ಮಗಳು ಕುಂಟೋ ಹಾಗೆ ಕಾಣ್ತಾಳೆ ಅಂದ್ಲು."

ಫ್ರಾಕಮ್ಮನ ಕಿವಿ ಬಿಸಿಯಾಯಿತು. ಬಣ್ಣ ಬಿಡುತ್ತದೆ ಅಂದಿದ್ದರೆ ಬಟ್ಟೆ ಕೊಟ್ಟವನನ್ನು ಬೈಯಬಹುದಿತ್ತು, ಗುಂಡಿ ಕಿತ್ತುಬಂತು ಅಂದಿದ್ದರೆ ದಾರವನ್ನು ಬೈಯಬಹುದಿತ್ತು. ಕಟ್ಟಿಂಗು ತಪ್ಪು ಅಂದರೆ ನೇರ ಅವಳ ಕೈಗೇ ಬಂತು.

"ನನ್ನ ಕೈಲಿ ಆ ತಪ್ಪಾಗಲ್ಲ ಅಕ್ಕಾ. ಅಂಗಡೀಲಿ ಹಾಕಿ ನೋಡೋವಾಗ ಮಕ್ಕಳು ಸುಮ್ನೆ ನಿಲ್ತಾವಾ? ಒಂದು ಕಾಲು ಇಲ್ಲಿ, ಒಂದು ಕಾಲು ಬೀದೀಲಿ. ಇರಿ, ನಿಮ್ಮ ಕಣ್ಣೆದುರಿಗೇ ಹಾಕಿ ತೋರಿಸ್ತೀನಿ."

ಗೊಂಬೆಗಾಗುವ ಅಳತೆಯದೊಂದನ್ನು ಆರಿಸಿ ತೊಡಿಸಿದಳು. ಗೊಂಬೆ ಏನೂ ಕೇಳದೆ ಮತ್ತೆ ಸ್ಟೂಲು ಹತ್ತಿ ನಿಂತಳು. ಫ್ರಾಕಮ್ಮ ಅಂಚನ್ನು ಒಮ್ಮೆ ಕೊಡವಿ ಕೈಬಿಟ್ಟಳು. ಅದು ಹಿಂದೆ ಮುಂದೆ ಎಡಕ್ಕೆ ಬಲಕ್ಕೆ ಎಲ್ಲ ಕಡೆಯೂ ಬಟ್ಟಲಲ್ಲಿನ ನೀರಿನ ಹಾಗೆ ಒಂದೇ ಸಮಕ್ಕೆ ನಿಂತಿತು.

"ನೋಡಿದ್ರಾ?" ಎಂದಳು. ಗೆದ್ದ ದನಿ ಮುಚ್ಚಿಡಲು ಪ್ರಯತ್ನವನ್ನೂ ಪಡಲಿಲ್ಲ.

ಅಂಗಡಿಯಾಕೆ ಹುಬ್ಬು ಗಂಟಿಕ್ಕಿಕೊಂಡು ನೋಡಿದಳು. "ಇವಳಿಗೇನೋ ಸರಿಯಾಗೇ ಇದೆ" ಎಂದಳು. ಮೇಜಿನ ಕೆಳಗೆ ಖಾಲಿ ದಾರದ ಉರುಳೆಗಳಿಂದ ರೈಲು ಮಾಡುತ್ತಿದ್ದ ಚಿಕ್ಕವಳ ಕಡೆ ಕೈ ತೋರಿಸಿದಳು. "ಅವಳಿಗೂ ಒಂದು ಹಾಕು ನೋಡೋಣ. ಅವಳ ಅಳತೇದೂ ಇದೆ ಇದರಲ್ಲಿ."

ಚಿಕ್ಕವಳನ್ನು ರೈಲಿನಿಂದ ಇಳಿಸಿ, ಮುಖ ಊದಿಸಿಕೊಂಡವಳನ್ನು ಹಾಗೆಯೇ ಎತ್ತಿ ಅಕ್ಕನ ಪಕ್ಕ ಇನ್ನೊಂದು ಕುರ್ಚಿಯ ಮೇಲೆ ನಿಲ್ಲಿಸಿದ್ದಾಯಿತು. ಫ್ರಾಕು ಹಾಕಿದ್ದಾಯಿತು. ಬಲಗಡೆ ಅಂಚು ಮೇಲಕ್ಕೆ ಹೋಯಿತು.

"ನೆಟ್ಟಗೆ ನಿಲ್ಲೇ ಸೊಟ್ಟಮ್ಮ" ಎಂದು ಫ್ರಾಕಮ್ಮ ಗದರಿದಳು. "ಇವಳದ್ದು ಇದ್ದಿದ್ದೇ ಅಕ್ಕಾ, ಯಾವಾಗ್ಲೂ ಹೀಗೇ."

"ನೆಟ್ಟಗೇ ನಿಂತಿದ್ದೀನಿ" ಎಂದಳು ಚಿಕ್ಕವಳು.

"ಎಲ್ಲಿ ನಿಂತಿದ್ದೀಯ?" ಎನ್ನುತ್ತ ತಾಯಿ ಹಿಂದಿನಿಂದ ಅವಳ ಎರಡು ಭುಜದ ಮೇಲೆ ಎರಡು ಕೈ ಇಟ್ಟು ಸಮ ಮಾಡಲು ಹೋದಳು. ಸಮ ಮಾಡಲು ಅಲ್ಲಿ ಏನೂ ಇರಲಿಲ್ಲ. ಎರಡೂ ಕೈ ಒಂದೇ ಎತ್ತರದಲ್ಲಿದ್ದವು. ಇನ್ನೊಮ್ಮೆ ಒತ್ತಿ ನೋಡಿದಳು. ಮಗು ಕಂಬದ ಹಾಗೆ ನಿಂತಿತ್ತು.

ಅವಳು ಕೈಗಳನ್ನು ಎತ್ತಿ ಪಕ್ಕದಲ್ಲಿದ್ದ ಗೊಂಬೆಯ ಭುಜದ ಮೇಲಿಟ್ಟಳು. ಯಾಕೆ ಇಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ಬಲಗೈ ಎಡಗೈಗಿಂತ ಕೆಳಗಿತ್ತು. ಸ್ವಲ್ಪವಲ್ಲ. ಎರಡು ಬೆರಳು ಕೆಳಗಿತ್ತು.

"ಭುಜ ಎತ್ತು" ಎಂದಳು. ದನಿಯಲ್ಲಿ ಇನ್ನೂ ಗದರಿಕೆ ಉಳಿದಿತ್ತು.

ಗೊಂಬೆ ಬಲಭುಜ ಎತ್ತಿದಳು. ಎತ್ತಿದೊಡನೆ ಅಂಚು ಓರೆಯಾಯಿತು. ಹುಡುಗಿಯ ಕತ್ತಿನ ನರ ಉಬ್ಬಿತು, ಭುಜ ನಡುಗಿ ಮೆಲ್ಲಗೆ ಮತ್ತೆ ತನ್ನ ಜಾಗಕ್ಕೆ ಇಳಿಯಿತು. ಅಂಚೂ ಸಮಕ್ಕೆ ಬಂತು.

"ಹಾಗೆ ನಿಂತ್ರೆ ಫ್ರಾಕು ಸೊಟ್ಟ ಆಗುತ್ತಮ್ಮ" ಎಂದಳು ಗೊಂಬೆ. "ನೀನೇ ಬೈತೀಯ."

ಅಂಗಡಿಯಾಕೆ ಎದ್ದು ಬಂದು ಗೊಂಬೆಯ ಹಿಂದೆ ನಿಂತಳು. ಫ್ರಾಕಿನ ಜಿಪ್ಪನ್ನು ಸೊಂಟದವರೆಗೆ ಇಳಿಸಿದಳು. ಬೆನ್ನುಮೂಳೆ ಕತ್ತಿನಿಂದ ಹೊರಟು ಅರ್ಧ ದಾರಿಯಲ್ಲಿ ಒಂದು ಪಕ್ಕಕ್ಕೆ ಸರಿದು, ಸೊಂಟದ ಹತ್ತಿರ ನೆನಪಾದ ಹಾಗೆ ಮತ್ತೆ ಮಧ್ಯಕ್ಕೆ ಬಂದಿತ್ತು. ಒಂದು ಕಡೆ ಭುಜದ ಹಿಂದಿನ ರೆಕ್ಕೆಮೂಳೆ ಉಬ್ಬಿತ್ತು. ಫ್ರಾಕಮ್ಮ ದಿನವೂ ಕೈಯಾಡಿಸುತ್ತಿದ್ದ ಬೆನ್ನು ಅದು. ಅಲ್ಲಿ ಬಟ್ಟೆ ಉಬ್ಬುತ್ತದೆಂದು ಒಂದು ಹಿಡಿಕೆ ಹಿಡಿದು ಕಾಣದ ಹಾಗೆ ಒಳಗೆ ಹೊಲಿಗೆ ಹಾಕಿದ್ದಳು. ಆ ಹಿಡಿಕೆಯನ್ನು ಈ ಊರಿನ ಅದೆಷ್ಟೋ ಮಕ್ಕಳ ಬೆನ್ನಿನ ಮೇಲೆ ಹೊಲಿದು ಕಳಿಸಿದ್ದಳು.

ಜಿಪ್ಪನ್ನು ಮೇಲಕ್ಕೆಳೆದು ಅಂಗಡಿಯಾಕೆ ಹೇಳಿದಳು, "ಡಾಕ್ಟರಿಗೆ ತೋರಿಸು. ತಡ ಮಾಡ್ಬೇಡ." ಬಾಗಿಲವರೆಗೆ ಹೋದವಳು ಚಪ್ಪಲಿ ಮೆಟ್ಟುತ್ತ ತಿರುಗಿ ಮೇಜಿನ ಮೇಲಿನ ಫ್ರಾಕುಗಳನ್ನು ನೋಡಿದಳು. ಒಳ್ಳೆಯವಳೇ. ಆದರೆ ಅವಳದ್ದೂ ವ್ಯಾಪಾರವೇ. "ಇವನ್ನೂ ಬಿಚ್ಚಿ ಸರಿ ಮಾಡಿ ಕೊಟ್ಬಿಡು, ಆದಾಗ" ಎಂದು ಹೇಳಿ ಮೆಟ್ಟಿಲಿಳಿದಳು.

ಸಂಜೆ ಗಂಡ ಬಂದಾಗ ಫ್ರಾಕಮ್ಮ ಗೊಂಬೆಯನ್ನು ಅವನ ಮುಂದೆ ತಿರುಗಿಸಿ ನಿಲ್ಲಿಸಿದಳು. ಅವನು ಕೈ ತೊಳೆದಿರಲಿಲ್ಲ. ಸ್ಟೀರಿಂಗ್ ಹಿಡಿದು ಕಪ್ಪಾದ ಬೆರಳಿನಿಂದ ಮುಟ್ಟಲೋ ಬೇಡವೋ ಎಂಬಂತೆ ಮಗಳ ಬೆನ್ನಿನ ಮೇಲೆ ಗೆರೆ ಎಳೆದ. ಗೆರೆ ಓರೆಯಾಗಿ ಹೋಯಿತು. ಮಕ್ಕಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕಿಕೊಂಡು ಬಂದು ಕೂತ. ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕೂಗಾಡುವವನಲ್ಲ.

"ನೀನು ಮನೇಲೇ ಇರ್ತೀಯಲ್ಲ" ಎಂದ.

ಅಷ್ಟೇ ಮಾತು. ಅದನ್ನು ಅವನು ಜಗಳಕ್ಕೂ ಹೇಳಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ ಹಾಗೆ ಹೇಳಿದ. ಫ್ರಾಕಮ್ಮನಿಗೆ ಮೈಯೆಲ್ಲ ಉರಿ ಹತ್ತಿತು.

"ಇರ್ತೀನಿ. ಮನೇಲೇ ಇರ್ತೀನಿ. ಅಡುಗೆ ಮಾಡಿ, ಸ್ಕೂಲಿಗೆ ಕಳಿಸಿ, ಮೆಷಿನ್ ತುಳಿದು, ಗಿರಾಕಿಗಳ ಹತ್ರ ಹಲ್ಲು ಕಿರಿದು, ಎಲ್ಲ ಮನೇಲೇ ಮಾಡ್ಕೊಂಡಿರ್ತೀನಿ. ನಿನ್ನ ಕಣ್ಣು ಎಲ್ಲಿತ್ತು? ರಜಾ ದಿನ ತಲೆ ಮೇಲೆ ಕೂರಿಸ್ಕೊಂಡು ಮೆರೆಸಿದ್ದೀಯಲ್ಲ, ಆಗ ಗೊತ್ತಾಗಲಿಲ್ವಾ?"

"ನಂಗೇನು ಗೊತ್ತಾಗುತ್ತೆ" ಎಂದ ಅವನು. "ನೀನು ದಿನಾ ಅಳತೆ ತಗೊಳ್ಳೋಳು."

ಗಂಡನಿಗೆ ಗೊತ್ತಾಗದಿದ್ದರೆ ಅದು ಗೊತ್ತಾಗದ್ದು, ಹೆಂಡತಿಗೆ ಗೊತ್ತಾಗದಿದ್ದರೆ ಅದು ತಪ್ಪು. ಈ ಲೆಕ್ಕ ಯಾರು ಬರೆದಿಟ್ಟರೋ, ಅವಳಿಗೂ ಬಾಯಿಪಾಠವಾಗಿತ್ತು. ಅವನನ್ನು ಬೈಯುವುದಕ್ಕೆ ಇಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಅವಳು ಆ ರಾತ್ರಿ ತನಗೇ ಬೈದುಕೊಂಡಳು.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಒಂದೊಂದೇ ನೆನಪಾಗುತ್ತ ಬಂತು. ಮೊದಲ ಸಲ ಬಲಗಡೆ ಅಂಚು ಇಳಿದಾಗ ಬಟ್ಟೆ ಎಳೆ ತಪ್ಪಿದೆ ಎಂದು ಥಾನು ಕೊಟ್ಟವನ ಜೊತೆ ಜಗಳವಾಡಿ ಬಂದಿದ್ದಳು. ಬಟ್ಟೆ ಬದಲಾದರೂ ಅಂಚು ಇಳಿಯಿತು. ಆಗ ಉಗುರಗಲ ಮೇಲೆ ಕತ್ತರಿಸಿದಳು. ಆಮೇಲೆ ಬೆರಳಗಲ. ಕತ್ತರಿಸಿದಾಗೆಲ್ಲ ಫ್ರಾಕು ಮಗಳ ಮೈಮೇಲೆ ಚೆಂದ ಕೂತಿತು, ಅವಳು ಹಿಂದಕ್ಕೆ ಸರಿದು ನೋಡಿ ತನ್ನ ಕೈಗೆ ತಾನೇ ಶಹಬ್ಬಾಸ್ ಅಂದುಕೊಂಡಳು. ಕಣ್ಣಿಗೆ ಬಿದ್ದದ್ದೆಲ್ಲ ಬಟ್ಟೆ. ಒಳಗಿನ ಮಗು ಬಟ್ಟೆ ನಿಲ್ಲುವುದಕ್ಕೆ ಬೇಕಾದ ಒಂದು ಆಸರೆ, ಅಷ್ಟೇ. ಕಾರ್ಖಾನೆಯ ಮರದ ಗುಬುಟಿಯ ಗೊಂಬೆಗೂ ಅವಳ ಗೊಂಬೆಗೂ ವ್ಯತ್ಯಾಸ ಏನೆಂದರೆ, ಅದು ಬೆಳೆಯುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಗೊಂಬೆ ಕಿಟಕಿಯ ಗಾಜಿಗೆ ಉಸಿರು ಬಿಟ್ಟು ಬೆರಳಿನಿಂದ ರೈಲು ಬರೆಯುತ್ತಿದ್ದಳು. ಸ್ಕೂಲಿಗೆ ರಜ ಹಾಕಿಸಿದ್ದಕ್ಕೆ ಅವಳು ಖುಷಿಯಾಗಿಯೇ ಇದ್ದಳು. ಅಮ್ಮನ ಕೈಯಲ್ಲಿ ಬಟ್ಟೆಯಿಲ್ಲ, ಬಾಯಲ್ಲಿ ಸೂಜಿಯಿಲ್ಲ, ಇಬ್ಬರೇ ಬಸ್ಸಿನಲ್ಲಿ ಹೋಗುತ್ತಿದ್ದಾರೆ. "ಅಮ್ಮ, ಬರೋವಾಗ್ಲೂ ಕಿಟಕಿ ಪಕ್ಕ ನಂಗೇ" ಎಂದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಗೊಂಬೆಯನ್ನು ಬಗ್ಗಿಸಿದರು, ನಿಲ್ಲಿಸಿದರು, ನಡೆಸಿದರು. ಆಮೇಲೆ ಕುರ್ಚಿ ತಿರುಗಿಸಿಕೊಂಡು ಕೂತರು. ಡ್ಯೂಟಿ ಬದಲಿಸಿಕೊಂಡು ನೇರ ಡಿಪೋದಿಂದ ಬಂದಿದ್ದ ಅಪ್ಪ ಅಲ್ಲೇ ನಿಂತಿದ್ದ. ಡಾಕ್ಟರು ನೋಡಿದ್ದು ಮಾತ್ರ ತಾಯಿಯನ್ನು.

"ಇದು ಒಂದು ದಿನದಲ್ಲಿ ಆಗೋದಲ್ಲಮ್ಮ. ಎರಡು ಮೂರು ವರ್ಷದಿಂದ ಬಗ್ತಾ ಬಂದಿದೆ. ಮನೇಲಿ ಯಾರೂ ಗಮನಿಸಲಿಲ್ವಾ? ಬಟ್ಟೆ ಹಾಕೋವಾಗ? ಸಾಮಾನ್ಯವಾಗಿ ತಾಯಂದಿರಿಗೆ ಮೊದಲು ಗೊತ್ತಾಗೋದೇ ಅದರಲ್ಲಿ. ಬಟ್ಟೆ ಒಂದು ಕಡೆ ಇಳಿಯುತ್ತೆ."

"ನಂಗೆ ಇಳಿಯಲ್ಲ" ಎಂದಳು ಗೊಂಬೆ, ಡಾಕ್ಟರಿಗೆ ಸಹಾಯ ಮಾಡುವವಳ ಹಾಗೆ. "ನಮ್ಮಮ್ಮ ಟೈಲರ್."

ಡಾಕ್ಟರು ಏನೋ ಹೇಳಹೊರಟವರು ಬಾಯಿ ಮುಚ್ಚಿಕೊಂಡರು. ಆ ಮುಚ್ಚಿದ ಬಾಯಿ ಫ್ರಾಕಮ್ಮನಿಗೆ ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ಚುಚ್ಚಿತು. ಮೊದಲೇ ಬಂದಿದ್ದರೆ ಬೆಲ್ಟಿನಲ್ಲೇ ಹಿಡಿದು ನಿಲ್ಲಿಸಬಹುದಿತ್ತು ಎಂದರು. ಈಗಲೂ ಬೆಲ್ಟು ಹಾಕೋಣ, ಬೆಳವಣಿಗೆ ನಿಲ್ಲುವವರೆಗೆ ಸ್ನಾನದ ಹೊತ್ತು ಬಿಟ್ಟು ಹಗಲು ರಾತ್ರಿ ಬಿಚ್ಚಬಾರದು, ಆಮೇಲೂ ಬಗ್ಗುತ್ತಲೇ ಹೋದರೆ ಆಪರೇಷನ್ ಬಗ್ಗೆ ಯೋಚಿಸಬೇಕಾಗುತ್ತದೆ ಎಂದರು. ಚಿಕ್ಕ ಮಗಳಿದ್ದರೆ ಅವಳ ಬೆನ್ನನ್ನೂ ಆಗಾಗ ನೋಡುತ್ತಿರಿ ಎಂದರು. ಎಲ್ಲವನ್ನೂ ಮೆಲುದನಿಯಲ್ಲೇ ಹೇಳಿದರು.

ಬೆಲ್ಟಿನ ಅಳತೆ ತೆಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಸುಣ್ಣದ ಪುಡಿ, ಕತ್ತರಿ, ಟೇಪು, ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ಕಿನ ಮೈಗಳು. ಬೆಲ್ಟು ಮಾಡುವವನು ಬೊಕ್ಕತಲೆಯ, ಮಾತು ಕಡಿಮೆಯ ಮನುಷ್ಯ. ಗೊಂಬೆ ತಾನಾಗಿಯೇ ಅಲ್ಲಿದ್ದ ಮರದ ಪೆಟ್ಟಿಗೆ ಹತ್ತಿ, ಎದೆ ಮುಂದೆ ತಂದು, ಕೈ ಎರಡೂ ಸ್ವಲ್ಪ ದೂರ ಹಿಡಿದು ನಿಂತಳು. ಅವನು ನಕ್ಕ.

"ಅಭ್ಯಾಸ ಇದೆಯಲ್ಲ ನಿಂಗೆ. ಆದ್ರೆ ಹಾಗೆ ಬೇಡಮ್ಮ. ನಿಂಗೆ ಹೇಗೆ ನಿಂತ್ರೆ ಆರಾಮೋ ಹಾಗೆ ನಿಲ್ಲು."

ಗೊಂಬೆಗೆ ಅದು ತಿಳಿಯಲಿಲ್ಲ. ತಾಯಿಯ ಮುಖ ನೋಡಿದಳು. ತಾಯಿ ಗೋಡೆಯ ಪ್ಲಾಸ್ಟಿಕ್ಕಿನ ಮೈಗಳನ್ನು ನೋಡುತ್ತಿದ್ದಳು.

ಅವನು ಎರಡೂ ಕೈಯಿಂದ ಟೇಪು ಹಿಡಿಯಬೇಕಾಗಿ ಬಂದು ಪೆನ್ಸಿಲನ್ನು ಅಡ್ಡಡ್ಡ ಬಾಯಲ್ಲಿ ಕಚ್ಚಿಕೊಂಡ. ಉಬ್ಬಿದ ರೆಕ್ಕೆಮೂಳೆಯ ಮೇಲೆ ಟೇಪು ಎಳೆದ. ಪೆನ್ಸಿಲು ಕಚ್ಚಿಕೊಂಡೇ ಕೇಳಿದ.

"ನೋಯ್ತಿದ್ಯಾ?"

"ಹೂಂ" ಎಂದಳು ಗೊಂಬೆ. "ಅಲ್ಲಲ್ಲ, ಸ್ವಲ್ಪ ಕೆಳಗೆ. ಜಾಸ್ತಿ ಹೊತ್ತು ನಿಂತ್ರೆ."

"ಎಷ್ಟು ದಿನದಿಂದ?"

"ಮೂರನೇ ಕ್ಲಾಸಿಂದ."

ಬಸ್ಸಿನ ಕಿಟಕಿ ಯಾರಿಗೆ ಎಂದು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಕೇಳಿದರು, ಹೇಳಿದಳು. ನೋಯ್ತಿದ್ಯಾ. ಫ್ರಾಕಮ್ಮ ಮನಸ್ಸಿನಲ್ಲೇ ಅದನ್ನು ಆಡಿ ನೋಡಿದಳು, ನಾಲಿಗೆಯಿಂದ ಆಡಿ ನೋಡಿದಳು, ತುಟಿ ಬಿಗಿಹಿಡಿದು ಆಡಿ ನೋಡಿದಳು. ಪ ಇಲ್ಲ, ಬ ಇಲ್ಲ, ಮ ಇಲ್ಲ. ಬಾಯಿ ತುಂಬ ಸೂಜಿಯಿದ್ದರೂ ಆಡಬಹುದಾಗಿದ್ದ ಮಾತು ಅದು. ಒಂದು ಸೂಜಿಯೂ ಬೀಳುತ್ತಿರಲಿಲ್ಲ.

ಮನೆಗೆ ಬರುವಾಗ ಮೇಲಿನ ಮನೆಯ ನರ್ಸು ಮೆಟ್ಟಿಲಲ್ಲಿ ಎದುರಾದಳು. ವಿಷಯ ಕೇಳಿ ಅಯ್ಯೋ ಎಂದಳು, ಗೊಂಬೆಯ ಕೆನ್ನೆ ಸವರಿದಳು, ಇಂಥವರನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ, ಸರಿಹೋಗುತ್ತದೆ ಎಂದಳು. ಅವಳ ಬಾಯಿಂದ ಒಂದು ಕೊಂಕು ಬರಲಿಲ್ಲ. ಬಂದಿದ್ದರೆ ಫ್ರಾಕಮ್ಮನಿಗೆ ತಿರುಗಿ ಬೀಳುವುದಕ್ಕಾದರೂ ಒಬ್ಬಳು ಸಿಗುತ್ತಿದ್ದಳು. ಈ ಸಲ ತಲೆ ತಗ್ಗಿಸಿಕೊಂಡು ದಾಟಿದವಳು ಫ್ರಾಕಮ್ಮನೇ.

ಬೆಲ್ಟು ಬಂತು. ಕಂಕುಳಿಂದ ಸೊಂಟದ ಕೆಳಗಿನವರೆಗೆ ಬಿಳಿ ಪ್ಲಾಸ್ಟಿಕ್ಕು, ಹಿಂದೆ ಮೂರು ಪಟ್ಟಿ. ಅದರ ಮೇಲೆ ಅಮ್ಮ ಹೊಲಿದ ಯಾವ ಫ್ರಾಕೂ ಹತ್ತಲಿಲ್ಲ. ಗೊಂಬೆ ಅಪ್ಪನ ಹಳೆಯ ಶರ್ಟು ಹಾಕಿಕೊಂಡು ಓಡಾಡತೊಡಗಿದಳು. ಬೇರೆ ಫ್ರಾಕು ಹೊಲಿದುಕೊಡುತ್ತೇನೆ ಎಂದರೆ "ಬೇಡ, ಇದೇ ಚೆನ್ನಾಗಿದೆ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಮೊದಲ ಕೆಲವು ರಾತ್ರಿ ಪಕ್ಕ ಹೊರಳಲಾಗದೆ ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ಈಗ ಅವಳು ಬೇಕೆಂದರೂ ಸೊಟ್ಟಗೆ ಕೂರುವಂತಿರಲಿಲ್ಲ.

ವಾಪಸ್ಸು ಬಂದ ಫ್ರಾಕುಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಆಸ್ಪತ್ರೆಯ ಖರ್ಚು ಎದುರಿಗಿತ್ತು, ಅಂಗಡಿಯಾಕೆ ಎರಡು ಸಲ ಫೋನು ಮಾಡಿ ಮೊದಲು ಮಗಳ ವಿಷಯ ಕೇಳಿ ಆಮೇಲೆ ಫ್ರಾಕಿನ ವಿಷಯ ಕೇಳಿದ್ದಳು. ಫ್ರಾಕಮ್ಮ ಹಳೆಯ ಕಾಗದಗಳನ್ನೆಲ್ಲ ಹರಿದು ಒಲೆ ಹೊತ್ತಿಸಬೇಕೆಂದುಕೊಂಡಳು. ಗ್ಯಾಸಿನ ಒಲೆ, ಹೊತ್ತಿಸಲು ಕಾಗದ ಬೇಕಿಲ್ಲ. ಸುತ್ತಿ ಕಸದ ಡಬ್ಬಿಗೆ ಹಾಕಿದಳು. ಹೊಸ ಬಟ್ಟೆಯನ್ನು ಕಾರ್ಖಾನೆಯವರ ಹಾಗೆ ಮಡಿಚಿ ಅರ್ಧ ಮೈ ಕತ್ತರಿಸಿದಳು.

ಮಡಿಚಿ ಕತ್ತರಿಸಿದರೂ ಒಂದು ಸಲ ಮೈಮೇಲೆ ಹಾಕಿ ನೋಡಲೇಬೇಕು. ಭಾನುವಾರ ಮಧ್ಯಾಹ್ನ ಚಿಕ್ಕವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಹತ್ತಿಸುವ ಮುಂಚೆ ಅಂಗಿ ಎತ್ತಿ ಬೆನ್ನು ನೋಡಿದಳು. ಬೆಳಿಗ್ಗೆಯೂ ನೋಡಿದ್ದಳು. ಈಚೆಗೆ ದಿನಕ್ಕೆಷ್ಟು ಸಲ ನೋಡುತ್ತಿದ್ದಳೆಂದರೆ, ಚಿಕ್ಕವಳು ಅಮ್ಮ ಹತ್ತಿರ ಬಂದರೆ ಸಾಕು, ಕೇಳದೆಯೇ ಬೆನ್ನು ತಿರುಗಿಸಿ ಬಗ್ಗುತ್ತಿದ್ದಳು.

ಸೂಜಿಗಳನ್ನು ಅವಳು ಈಗ ಬಾಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಮುಂಗೈಗೆ ಹತ್ತಿಯ ಪುಟ್ಟ ದಿಂಬೊಂದನ್ನು ಕಟ್ಟಿಕೊಂಡಿದ್ದಳು. ಅಭ್ಯಾಸವಿಲ್ಲದ ಕೈ ಅಂಚಿಗೂ ದಿಂಬಿಗೂ ನಡುವೆ ತಡವರಿಸುತ್ತಿತ್ತು. ಬಾಯಿ ಖಾಲಿಯಿತ್ತು. ಏನು ಬೇಕಾದರೂ ಮಾತಾಡಬಹುದಾಗಿತ್ತು, ಮಾತೇ ಬರುತ್ತಿರಲಿಲ್ಲ.

ಚಿಕ್ಕವಳು ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಂಡಳು. ಅಂಚು ಜಾರಿತು.

"ಪುಟ್ಟಿ, ಸ್ವಲ್ಪ ಹೊತ್ತು ಹಾಗೇ ಇರಮ್ಮ."

"ಹಾಗೇ ಅಂದ್ರೆ ಹೇಗೆ?"

"ಹಾಗೇ... ಈಗ ಇದ್ದೆಯಲ್ಲ, ಹಾಗೆ."

ಚಿಕ್ಕವಳಿಗೆ ನಗು ಬಂತು. ಸೊಂಟ ಆಡಿಸಿದಳು. ಫ್ರಾಕಮ್ಮನ ಗಂಟಲಲ್ಲಿ ಎರಡು ಶಬ್ದ ಸಿದ್ಧವಾಗಿ ಬಂದು ನಿಂತವು, ಅವನ್ನು ನುಂಗಿಕೊಂಡಳು. ಅಂಚನ್ನು ಮತ್ತೆ ಹಿಡಿಯಲು ಹೋಗಿ ಕೈಯ ದಿಂಬು ಸ್ಟೂಲಿನ ಕಾಲಿಗೆ ತಗುಲಿತು. ಕಟ್ಟು ಬಿಚ್ಚಿಕೊಂಡು ಸೂಜಿಗಳೆಲ್ಲ ನೆಲದ ಮೇಲೆ ಚೆಲ್ಲಿದವು.

ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದ ಗೊಂಬೆ ಎದ್ದು ಬಂದಳು. ಬೆಲ್ಟಿನಲ್ಲಿ ಬಗ್ಗಲು ಆಗುವುದಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡೇ ಒಂದೊಂದಾಗಿ ಮಂಡಿ ಊರಿ, ನೆಲ ಕಾಣದೆ, ಕೈಯಿಂದ ತಡವಿ ತಡವಿ ಸೂಜಿಗಳನ್ನು ಆರಿಸತೊಡಗಿದಳು. "ಬಿಡು ಮಗಳೇ, ನಾನು ತಗೋತೀನಿ" ಎಂದಳು ತಾಯಿ. ಗೊಂಬೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸಿಕ್ಕ ಸೂಜಿಗಳನ್ನು ಅಪ್ಪನ ಶರ್ಟಿಗೆ ಒರೆಸಿ, ಈ ಮನೆಯಲ್ಲಿ ಸೂಜಿ ಇಟ್ಟುಕೊಳ್ಳುವ ಜಾಗ ಅದೇ ಎಂಬಂತೆ, ತುಟಿಗಳ ನಡುವೆ ಸಾಲಾಗಿ ಇಟ್ಟುಕೊಂಡಳು. ಚಿಕ್ಕವಳು ಮೇಲಿಂದ ಅಕ್ಕನನ್ನು ನೋಡಿ ಇನ್ನಷ್ಟು ನಕ್ಕು, ಒಂಟಿ ಕಾಲಲ್ಲಿ ಕುಪ್ಪಳಿಸಿದಳು.

"ನೆಟ್ಟಗೆ ನಿಲ್ಲು" ಎಂದಳು ಗೊಂಬೆ.

ಒಂದು ಅಕ್ಷರವೂ ತೊದಲಲಿಲ್ಲ, ಒಂದು ಸೂಜಿಯೂ ಬೀಳಲಿಲ್ಲ. ದನಿ ಏರಿರಲಿಲ್ಲ, ಇಳಿದಿರಲಿಲ್ಲ. ಚಿಕ್ಕವಳ ನಗು ನಿಂತಿತು. ಎರಡೂ ಕಾಲು ಕೂಡಿಸಿ, ಎದೆ ಮುಂದೆ ತಂದು, ಕೈ ಎರಡೂ ಸ್ವಲ್ಪ ದೂರ ಹಿಡಿದು ನಿಂತಳು. ಫ್ರಾಕಿನ ಅಂಚು ಸುತ್ತಲೂ ಒಂದೇ ಸಮಕ್ಕೆ ಬಂತು.

ಫ್ರಾಕಮ್ಮ ಅಂಚು ಹಿಡಿದುಕೊಂಡು ಹಾಗೆಯೇ ಕೂತಿದ್ದಳು. ಗೊಂಬೆ ತುಟಿಯಿಂದ ಒಂದು ಸೂಜಿ ಎಳೆದು ತಾಯಿಯ ಅಂಗೈಯಲ್ಲಿಟ್ಟಳು. ಅದು ಬೆಚ್ಚಗಿತ್ತು.